ಮರೆವು ಮತ್ತು ಹಾಡು

ರಂಗದ ಮೇಲೆ ನರ್ತಕಿಯೊಬ್ಬಳು ಕುಣಿಯುವಾಗ ಅವಳ ಏದುಸಿರೂ ಬೆವರ ಹನಿಯೂ ನಮ್ಮ ರಸಾನುಭವದಲ್ಲಿ ಪಾಲುಗೊಳ್ಳುತ್ತವೆ. ಕಾಗದದ ಮೇಲೆ ಬರೆದ ಆಕೃತಿಗೆ ಉಸಿರೂ ಇಲ್ಲ, ದಣಿವೂ ಇಲ್ಲ. ಅದು ಕುಣಿದರೆ ಸೋಜಿಗವೇನು ಎಂದು ಯಾರಾದರೂ ಕೇಳಬಹುದು. ಜಪಾನಿನ ಅನಿಮೇಷನ್ ಚಿತ್ರಗಳನ್ನು ಮನವಿಟ್ಟು ಕಂಡವರು ಹಾಗೆ ಕೇಳಲಾರರು.

ಅಲ್ಲಿ ಕುಣಿತವೆಂಬುದು ದುಬಾರಿ. ಚಲಚ್ಚಿತ್ರದಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. 1963ರಲ್ಲಿ ಒಸಾಮು ತೆಜುಕಾ ತಮ್ಮ ಯಂತ್ರಬಾಲಕನ ಕಥೆಯನ್ನು ಟೆಲಿವಿಷನ್ನಿಗೆ ತಂದ ಮೇಲೆ, ಒಂದೇ ಚಿತ್ರವನ್ನು ಮೂರು ಚೌಕಟ್ಟುಗಳ ಕಾಲ ನಿಲ್ಲಿಸಿ ಶ್ರಮವನ್ನೂ ಹಣವನ್ನೂ ಉಳಿಸುವುದು ಅಲ್ಲಿ ವಾಡಿಕೆಯಾಯಿತು. ಮಾತನಾಡುವ ಪಾತ್ರಕ್ಕೆ ಅಷ್ಟು ಸಾಕು. ಮೈತುಂಬಿ ಕುಣಿಯುವ ಪಾತ್ರಕ್ಕೆ ಸಾಲದು. ಆದ್ದರಿಂದ ನಿರ್ದೇಶಕ ಕುಣಿತವನ್ನು ತೂಗಿ ನೋಡಿಯೇ ತರಬೇಕು. ಹಾಗೆ ತಂದ ಹಾಡು ಕುಣಿತಗಳು ಈಚಿನ ಮೂರು ಚಿತ್ರಗಳಲ್ಲಿ ಒಂದೇ ಹೊಣೆಯನ್ನು ಹೊತ್ತಿವೆ: ಮನುಷ್ಯ ಮರೆತದ್ದನ್ನು ಕಾಯುವ ಹೊಣೆ.

ಮಕೊಟೊ ಶಿಂಕಾಯ್ ಅವರ ‘ನಿನ್ನ ಹೆಸರು’ (2016) ಚಿತ್ರದಲ್ಲಿ ಬೆಟ್ಟದೂರಿನ ಗುಡಿಯೊಂದರ ಇಬ್ಬರು ಸೋದರಿಯರು ಕಿರುಗಂಟೆಗಳ ಗೊಂಚಲು ಹಿಡಿದು ದೇವರ ಮುಂದೆ ಕುಣಿಯುತ್ತಾರೆ. ಹಿಂದೊಮ್ಮೆ ಬೆಂಕಿ ಬಿದ್ದು ಗುಡಿಯ ಬರಹಗಳೆಲ್ಲ ಸುಟ್ಟುಹೋಗಿವೆ. ಕುಣಿತದ ಅರ್ಥ ಯಾರಿಗೂ ತಿಳಿಯದು. ಅರ್ಥ ಹೋದರೂ ರೂಪ ಅಳಿಯಬಾರದೆಂಬುದು ಅಜ್ಜಿಯ ನಂಬಿಕೆ. ಆ ನಂಬಿಕೆಯ ಬೆಲೆ, ಬಾಲಚುಕ್ಕಿಯೊಂದು ಊರಿನ ಮೇಲೆ ಬಂದಾಗಲೇ ಪ್ರೇಕ್ಷಕನಿಗೆ ಹೊಳೆಯುವುದು. ಈ ನೃತ್ಯವನ್ನು ಸಂಯೋಜಿಸಿದವರು ಕಬುಕಿ ನಟ ನಕಮುರ ಕಜುತಾರೊ.

ಮಸಾಕಿ ಯುವಾಸ ಅವರ ‘ಇನು-ಓ’ (2021) ಇನ್ನೂ ಕಹಿಯಾದ ಕಥೆ. 1185ರ ಕಡಲ ಕಾಳಗದಲ್ಲಿ ಸೋತು ಮುಳುಗಿದ ಹೆಯಿಕೆ ವಂಶದವರ ಪ್ರೇತಗಳು ತಮ್ಮ ಕಥೆ ಹೇಳುವವರಿಗಾಗಿ ಕಾಯುತ್ತಿವೆ. ಕುರುಡ ಗಾಯಕನೊಬ್ಬ ಬಿವಾ ನುಡಿಸುತ್ತಾನೆ. ಜಪಾನೀಯರು ಬೆಂಜೈತೆನ್ ಎಂದು ಪೂಜಿಸುವ ಸರಸ್ವತಿಯ ಕೈಯ ವಾದ್ಯವೂ ಇದೇ. ವಿಕಾರ ರೂಪದಲ್ಲಿ ಹುಟ್ಟಿದ ಅವನ ಗೆಳೆಯ ಆ ಮರೆತ ಕಥೆಗಳನ್ನು ಹಾಡಿ ಕುಣಿದಂತೆಲ್ಲ ಅವನ ಅಂಗಗಳು ಒಂದೊಂದಾಗಿ ಸರಿಯಾಗುತ್ತವೆ. ಆದರೆ ಶೋಗುನನಿಗೆ ಬೇಕಾದದ್ದು ಒಂದೇ ಅಧಿಕೃತ ಕಥೆ. ಗಾಯಕ ಮಣಿಯದೆ ತಲೆ ಕೊಡುತ್ತಾನೆ. ನರ್ತಕ ಮಣಿದು ಬದುಕುತ್ತಾನೆ. ಇನು-ಓ ಎಂಬ ನಟ ಇತಿಹಾಸದಲ್ಲಿ ನಿಜವಾಗಿ ಇದ್ದವನು. ಅವನ ಕೃತಿ ಒಂದೂ ಉಳಿದಿಲ್ಲ. ಆ ಶೂನ್ಯವನ್ನು ಯುವಾಸ ರಾಕ್ ಸಂಗೀತದ ಅಬ್ಬರದಿಂದ ತುಂಬುತ್ತಾರೆ. ಇತಿಹಾಸದ ದೃಷ್ಟಿಯಿಂದ ಇದು ಅಸಂಗತ. ಆದರೂ ಕಳೆದುಹೋದ ಕಲೆ ಅಂದಿನ ಜನರನ್ನು ಬೆಚ್ಚಿಸಿದ ಬಗೆಯನ್ನು ಇಂದಿನವರ ಕಿವಿಗೆ ತಲುಪಿಸಲು ಇದಕ್ಕಿಂತ ನೇರವಾದ ದಾರಿ ತೋರದು.

ಮೂರರಲ್ಲಿ ನನಗೆ ಹಿರಿದೆನಿಸುವುದು ಇಸಾವೊ ತಕಾಹತ ಅವರ ಕೊನೆಯ ಚಿತ್ರ ‘ರಾಜಕುಮಾರಿ ಕಗುಯಾಳ ಕಥೆ’ (2013). ಬಿದಿರಿನಲ್ಲಿ ಸಿಕ್ಕ ಹುಡುಗಿ ಹಳ್ಳಿಯ ಮಕ್ಕಳ ಹಾಡನ್ನು ಯಾರೂ ಕಲಿಸದೆಯೇ ಹಾಡುತ್ತಾಳೆ. ಮಕ್ಕಳಿಗೆ ತಿಳಿಯದ ಶೋಕದ ಸಾಲುಗಳೂ ಅವಳ ಬಾಯಿಂದ ಬರುತ್ತವೆ. ಈ ಹಾಡಿಗೆ ರಾಗ ಕಟ್ಟಿದವರು ಸ್ವತಃ ತಕಾಹತ. ಮುಂದೊಮ್ಮೆ ಹೂಬಿಟ್ಟ ಚೆರಿ ಮರದ ಕೆಳಗೆ ಕಗುಯಾ ಮೈಮರೆತು ಸುತ್ತುತ್ತಾಳೆ. ಆಗ ಪುಟ್ಟ ಮಗುವೊಂದು ಬಂದು ತಾಕುತ್ತದೆ. ಮಗುವಿನ ಮನೆಯವರು ನಡುಗುತ್ತ ಅಡ್ಡಬೀಳುತ್ತಾರೆ. ಕುಣಿತ ಅಲ್ಲಿಗೇ ಮುರಿಯುತ್ತದೆ. ತನಗೂ ಆ ನೆಲದ ಮಕ್ಕಳಿಗೂ ನಡುವೆ ಗೋಡೆ ಎದ್ದಿದೆಯೆಂದು ಅವಳಿಗೆ ಅರಿವಾಗಲು ಮಾತೇ ಬೇಕಾಗಲಿಲ್ಲ.

ಆ ಹಾಡು ಅವಳಿಗೆ ಬಂದದ್ದು ಚಂದ್ರಲೋಕದಲ್ಲಿ. ಭೂಮಿಯಲ್ಲಿ ಬಾಳಿ ಮರಳಿದ ಸ್ತ್ರೀಯೊಬ್ಬಳು, ಗರಿಯುಡುಗೆ ಹೊದ್ದು ಎಲ್ಲವನ್ನೂ ಮರೆತ ಮೇಲೂ, ಅದನ್ನು ಗುನುಗುತ್ತ ಕಣ್ಣೀರಿಡುತ್ತಿದ್ದಳು. ಕೊನೆಗೆ ಕಗುಯಾಳನ್ನು ಕರೆದೊಯ್ಯಲು ದೇವಗಣ ಬರುತ್ತದೆ. ಜೊ ಹಿಸೈಶಿ ಅದಕ್ಕೆ ಕೊಟ್ಟ ವಾದ್ಯಗೋಷ್ಠಿಯಲ್ಲಿ ಶೋಕದ ಸೋಂಕೇ ಇಲ್ಲ. ಅದು ಜಾತ್ರೆಯ ಸಂಗೀತದಂತೆ ಹಗುರ, ಆದುದರಿಂದಲೇ ನಿಷ್ಕರುಣ. ಗರಿಯುಡುಗೆ ಹೆಗಲಿಗೆ ಬೀಳುತ್ತದೆ, ನೆನಪು ಅಳಿಯುತ್ತದೆ. ಆದರೂ ಹೋಗುತ್ತ ಅವಳು ಒಮ್ಮೆ ಭೂಮಿಯ ಕಡೆ ತಿರುಗಿ ನೋಡುತ್ತಾಳೆ, ಕಣ್ಣಂಚಿನಲ್ಲಿ ನೀರಿದೆ.

ಆ ನೀರು ಎಲ್ಲಿಂದ ಬಂತೆಂದು ಚಿತ್ರ ಹೇಳುವುದಿಲ್ಲ. ಹಾಡನ್ನು ಕೇಳಿದ ನಮಗೆ ಗೊತ್ತು.