ನಾಲ್ಕು ಉತ್ತರಗಳ ನಡುವೆ

ಪಿಯುಸಿ ದ್ವಿತೀಯ ವರ್ಷದ ವಿಜ್ಞಾನ ಓದುವ ಮಕ್ಕಳುಳ್ಳ ಮನೆಗಳಲ್ಲಿ ಬೇಸಿಗೆ ಸಮೀಪಿಸಿತೆಂದರೆ ಪಾಲಕರ ನಿದ್ರೆ ದೂರವಾಗುತ್ತದೆ. ಸರ್ಕಾರಿ ಸೀಟು ದೊರೆಯುವುದೋ, ಹೊಲ ಮಾರಿ ಶುಲ್ಕ ಕಟ್ಟಬೇಕಾಗುವುದೋ ಎಂಬುದನ್ನು ಸಿಇಟಿ, ನೀಟ್ ಪರೀಕ್ಷೆಗಳು ನಿರ್ಧರಿಸುತ್ತವೆ. ಮಠದ ಪಾಠಶಾಲೆಯಲ್ಲಿ ವ್ಯಾಕರಣ, ತರ್ಕಗಳನ್ನು ಓದಿದ ನನಗೆ ರಸಾಯನಶಾಸ್ತ್ರದ ಗಂಧವಿರಲಿಲ್ಲ. ಆದರೆ ಮೊಮ್ಮಗಳು ನೀಟ್ ಅಭ್ಯಾಸ ಪರೀಕ್ಷೆಯ ಪತ್ರಿಕೆ ಹಿಡಿದು ಬಂದು, “ಅಜ್ಜಾ, ಗೊತ್ತಿದ್ದೂ ತಪ್ಪು ಮಾಡೀನಿ” ಎಂದು ಕಣ್ಣೀರಿಟ್ಟಾಗ ಅವಳೊಡನೆ ಕುಳಿತು ಆ ಪತ್ರಿಕೆಯನ್ನು ಪರಿಶೀಲಿಸಿದೆ.

ರಸಾಯನಶಾಸ್ತ್ರದ 45 ಪ್ರಶ್ನೆಗಳಲ್ಲಿ ತಪ್ಪಾದವು 14. ಅವುಗಳಲ್ಲಿ ನಿಜವಾಗಿಯೂ ತಿಳಿಯದಿದ್ದವು ಐದೇ. ಮೂರರಲ್ಲಿ “ಯಾವುದು ಸರಿಯಲ್ಲ?” ಎಂಬುದನ್ನು “ಯಾವುದು ಸರಿ?” ಎಂದು ಓದಿದ್ದಳು. ಉಳಿದವು ಗುಣಾಕಾರ, ಏಕಮಾನಗಳಲ್ಲಿ ಕೆಟ್ಟಿದ್ದವು. ಅಂದಿನಿಂದ ಪ್ರಶ್ನೆಯಲ್ಲಿ ನಿಷೇಧವಾಚಕ ಕಂಡೊಡನೆ ಅದರ ಸುತ್ತ ಪೆನ್ನಿನಿಂದ ಗೆರೆ ಎಳೆಯುವ ರೂಢಿ ಮಾಡಿಸಿದೆವು.

ಇಂತಹ ಪರೀಕ್ಷೆಯಲ್ಲಿ ತಪ್ಪು ಉತ್ತರಗಳೂ ವಿಚಾರಪೂರ್ವಕವಾಗಿ ರಚಿತವಾಗಿರುತ್ತವೆ. ವಿದ್ಯಾರ್ಥಿಗಳು ಸಾಮಾನ್ಯವಾಗಿ ಎಡವುವ ಸ್ಥಳಗಳನ್ನರಿತೇ ಅವುಗಳನ್ನು ಇಟ್ಟಿರುತ್ತಾರೆ. ಆದುದರಿಂದ ನಮ್ಮ ಲೆಕ್ಕದ ಸಂಖ್ಯೆ ನಾಲ್ಕರಲ್ಲೊಂದಾಗಿ ಕಂಡಿತೆಂಬುದು ಅದು ಸರಿಯೆಂಬುದಕ್ಕೆ ಪ್ರಮಾಣವಲ್ಲ. ಒಂದು ಲೀಟರಿಗೆ ಹತ್ತರ ಮೈನಸ್ ಎಂಟನೆಯ ಘಾತದಷ್ಟು ಮೋಲ್ ಹೈಡ್ರೋಕ್ಲೋರಿಕ್ ಆಮ್ಲವಿರುವ ದ್ರಾವಣದ ಪಿಎಚ್ ಎಷ್ಟು? ಸೂತ್ರಕ್ಕೆ ಹಾಕಿದರೆ 8 ಬರುತ್ತದೆ, ಉತ್ತರಗಳಲ್ಲಿ 8 ಇದ್ದೇ ಇರುತ್ತದೆ. ಆದರೆ ಆಮ್ಲವನ್ನು ಎಷ್ಟೇ ತೆಳುಗೊಳಿಸಿದರೂ ಅದು ಕ್ಷಾರವಾಗದು. 7ನ್ನು ಮೀರಿದುದೆಲ್ಲ ಹೊರಗೆ. ನೀರಿನದೇ ಹೈಡ್ರೋಜನ್ ಅಯಾನುಗಳನ್ನೂ ಗಣಿಸಿದರೆ ಉತ್ತರ 6.98. ನೈಯಾಯಿಕರು ಪರಿಶೇಷವೆಂದು ಕರೆಯುವ ಕ್ರಮವಿದು: ಸಲ್ಲದವುಗಳನ್ನು ಒಂದೊಂದಾಗಿ ನಿರಾಕರಿಸಿ ಉಳಿದುದನ್ನು ಗ್ರಹಿಸುವುದು.

ಈ ಪರೀಕ್ಷೆಗಳಲ್ಲಿ ಕ್ಯಾಲ್ಕುಲೇಟರಿಗೆ ಅವಕಾಶವಿಲ್ಲವಾದ್ದರಿಂದ ಅಂದಾಜಿನ ಅಭ್ಯಾಸ ಅತ್ಯಗತ್ಯ. ಎರಡರ ಲಾಗ್ 0.301, ಮೂರರದು 0.477 ಎಂಬುವು ನಾಲಗೆಯ ತುದಿಯಲ್ಲಿರಬೇಕು. ಪ್ರಥಮ ದರ್ಜೆಯ ಕ್ರಿಯೆಯೊಂದು ಶೇಕಡಾ 99.9 ಪೂರ್ಣಗೊಳ್ಳಲು ಎಷ್ಟು ಅರ್ಧಾಯುಗಳು ಬೇಕು? ಉಳಿದದ್ದು ಸಾವಿರದಲ್ಲೊಂದು ಭಾಗ. ಎರಡನ್ನು ಹತ್ತು ಬಾರಿ ಗುಣಿಸಿದರೆ 1024. ಉತ್ತರ ಸುಮಾರು ಹತ್ತು. ಸೂತ್ರ ಬರೆಯುವ ಪ್ರಮೇಯವೇ ಇಲ್ಲ.

ನನಗೆ ಅತ್ಯಂತ ಪ್ರಿಯವಾದವು ಹೇಳಿಕೆ-ಕಾರಣದ ಪ್ರಶ್ನೆಗಳು. ಎಲೆಕ್ಟ್ರಾನ್ ಪಡೆಯುವಾಗ ಫ್ಲೋರಿನ್ನಿಗಿಂತ ಕ್ಲೋರಿನ್ ಅಧಿಕ ಶಕ್ತಿಯನ್ನು ಹೊರಬಿಡುತ್ತದೆಂಬುದು ಹೇಳಿಕೆ. ಫ್ಲೋರಿನ್ನಿನ ಎಲೆಕ್ಟ್ರೋನೆಗೆಟಿವಿಟಿ ಎಲ್ಲಕ್ಕಿಂತ ಹೆಚ್ಚೆಂಬುದು ಕಾರಣ. ಎರಡೂ ಸತ್ಯ. ಆದರೆ ಎರಡನೆಯದು ಮೊದಲನೆಯದನ್ನು ಸಾಧಿಸುವುದಿಲ್ಲ. ನಿಜವಾದ ಕಾರಣ ಫ್ಲೋರಿನ್ ಪರಮಾಣುವಿನ ಕಿರಿದಾದ ಗಾತ್ರ, ಅದರೊಳಗಿನ ಎಲೆಕ್ಟ್ರಾನುಗಳ ಇಕ್ಕಟ್ಟು. ಎರಡರ ನಡುವೆ “ಏಕೆಂದರೆ” ಸೇರಿಸಿ ಗಟ್ಟಿಯಾಗಿ ಓದೆಂದು ಹೇಳಿದೆ. ಕಿವಿಗೇ ದೋಷ ತಿಳಿಯಿತು.

ಇನ್ನು ಊಹೆಯ ಮಾತು. ಸಿಇಟಿಯಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲವಾದ್ದರಿಂದ ಒಂದನ್ನೂ ಖಾಲಿ ಬಿಡಬಾರದು. ನೀಟ್‌ನಲ್ಲಿ ಸರಿಯಾದರೆ ನಾಲ್ಕು ಅಂಕ, ತಪ್ಪಿದರೆ ಒಂದು ಕಡಿತ. ಅಲ್ಲಿ ಊಹಿಸಲೇಬಾರದೆಂದು ಅನೇಕ ಪಾಲಕರು ಗದರುವುದುಂಟು. ಆ ಭಯ ಅತಿಯಾದುದು. ಎರಡು ಉತ್ತರಗಳನ್ನು ನಿರಾಕರಿಸಿ ಉಳಿದೆರಡರಲ್ಲಿ ಒಂದನ್ನಾರಿಸಿದರೆ, ಸರಾಸರಿ ಎರಡು ಪ್ರಶ್ನೆಗೆ ಒಂದು ಸರಿ, ಒಂದು ತಪ್ಪು: ಮೂರಂಕದ ಲಾಭ. ಇಷ್ಟು ದೂರ ಬಂದು ಹೆದರಿ ಖಾಲಿ ಬಿಡುವುದೇ ನಷ್ಟ. ಏನೂ ತಿಳಿಯದ ಪ್ರಶ್ನೆಯ ಮಾತು ಬೇರೆ. ಅಲ್ಲಿ ಸರಾಸರಿ ಲಾಭ ಕಾಲಂಕವಷ್ಟೆ, ಉಳಿದುದು ಅದೃಷ್ಟ.

ಸಿಇಟಿಯ ರಸಾಯನಶಾಸ್ತ್ರದಲ್ಲಿ 60 ಪ್ರಶ್ನೆಗಳಿಗೆ 80 ನಿಮಿಷ. ನೇರ ಜ್ಞಾಪಕದ ಪ್ರಶ್ನೆಗಳನ್ನು ಮೊದಲು ಮುಗಿಸಿ, ಲೆಕ್ಕಗಳನ್ನು ಎರಡನೆಯ ಸುತ್ತಿಗೆ ಇಡುವುದು ಲೇಸು. ಆದರೆ ಪ್ರಶ್ನೆ ಬಿಟ್ಟು ಮುಂದೆ ಹೋದಾಗ ಓಎಂಆರ್ ಹಾಳೆಯಲ್ಲಿ ಸಾಲು ತಪ್ಪುವ ಅಪಾಯವಿದೆ. ನಮ್ಮ ಬಂಧುಗಳ ಮಗನೊಬ್ಬ ಹೀಗೆಯೇ ಒಂದು ಸಾಲು ತಪ್ಪಿಸಿ, ಕೊನೆಯ ಗಂಟೆ ಬಾರಿಸಿದಾಗಲೇ ಅರಿತ. ಪ್ರತಿ ಹತ್ತನೆಯ ಪ್ರಶ್ನೆಗೊಮ್ಮೆ ಸಂಖ್ಯೆ ತಾಳೆ ನೋಡಿದ್ದರೆ ಆ ವರ್ಷ ಉಳಿಯುತ್ತಿತ್ತು.

ಮುಂದಿನ ಅಭ್ಯಾಸ ಪರೀಕ್ಷೆಯಲ್ಲಿ ಮೊಮ್ಮಗಳ ತಪ್ಪುಗಳು ಆರಕ್ಕಿಳಿದವು. ಆರರಲ್ಲಿ ಐದು ನಿಜವಾಗಿಯೂ ತಿಳಿಯದಿದ್ದವು. ಅವುಗಳಿಗೆ ನನ್ನ ತರ್ಕ ಒದಗದೆಂದು ನಕ್ಕು, ಪುಸ್ತಕ ತೆರೆದು ಕುಳಿತಿದ್ದಾಳೆ.