ಕಾರ್ಬೊರೇಟರ್‌ಗೆ ಪೆಟ್ರೋಲ್ ಸುರಿಯಿರಿ, ಚೋಕ್ ಎಳೆದೇ ಬಿಡಿ: ಹಳೇ ಕಾರಿನ ಈ ಫಾರ್ವರ್ಡ್ ಎಷ್ಟು ಸರಿ?

“ಚಳಿಗೆ ಹಳೇ ಪೆಟ್ರೋಲ್ ಕಾರು ಸ್ಟಾರ್ಟ್ ಆಗದಿದ್ದರೆ ಏರ್ ಫಿಲ್ಟರ್ ತೆಗೆದು ಕಾರ್ಬೊರೇಟರ್ ಬಾಯಿಗೆ ಎರಡು ಮುಚ್ಚಳ ಪೆಟ್ರೋಲ್ ಹಾಕಿ ಸೆಲ್ಫ್ ಹೊಡೆಯಿರಿ. ಆಮೇಲೆ ಚೋಕ್ ಎಳೆದು ಹತ್ತು ನಿಮಿಷ ಹಾಗೇ ಬಿಡಿ, ಎಂಜಿನ್ ಬೆಚ್ಚಗಾಗಿ ಆಯುಷ್ಯ ಹೆಚ್ಚುತ್ತದೆ.” ಹೀಗೊಂದು ಸಂದೇಶವನ್ನು ಹರಿಹರ ತಾಲ್ಲೂಕಿನ ಮಲೆಬೆನ್ನೂರಿನ ಓದುಗರೊಬ್ಬರು ನಮಗೆ ಕಳಿಸಿ, “ಇದು ನಿಜಾನಾ?” ಎಂದು ಕೇಳಿದ್ದರು. ಅವರ ಮನೆಯಲ್ಲಿ ತಂದೆಯವರ ಕಾಲದ ಮಾರುತಿ 800 ಇದೆ. ಸಂಕ್ರಾಂತಿ ಆಸುಪಾಸಿನಲ್ಲಿ ಬೆಳಗ್ಗೆ ಆರಕ್ಕೆ ಅದು ಸ್ಟಾರ್ಟ್ ಆಗುವುದಿಲ್ಲ, ಎಂಟು ಗಂಟೆಗೆ ಬಿಸಿಲು ಬಿದ್ದರೆ ತಾನೇ ಆಗುತ್ತದೆ. ಸಂದೇಶದ ಎರಡನೇ ಸಲಹೆಯನ್ನು ಅವರು ಆಗಲೇ ಪಾಲಿಸುತ್ತಿದ್ದರು, ಅದೂ ಮನೆಗೆ ಅಂಟಿಕೊಂಡ ಶೆಡ್ಡಿನಲ್ಲಿ, ಬಾಗಿಲು ಅರ್ಧ ಮುಚ್ಚಿ. ಹಾಗಾಗಿ ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ: ಎರಡೂ ಸಲಹೆ ತಪ್ಪು, ಎರಡರಲ್ಲೂ ಜೀವಕ್ಕೆ ಅಪಾಯವಿದೆ.

ಕಾರಣ ತಿಳಿಯಬೇಕಾದರೆ ಚೋಕ್ ಏನು ಮಾಡುತ್ತದೆ ಎಂಬುದರಿಂದ ಶುರು ಮಾಡಬೇಕು.

ಚೋಕ್ ಎಂದರೆ ಗಾಳಿಗೆ ಅಡ್ಡ ಹಿಡಿಯುವ ತಗಡು

ದ್ರವ ಪೆಟ್ರೋಲ್ ಉರಿಯುವುದಿಲ್ಲ, ಉರಿಯುವುದು ಅದರ ಆವಿ. 1 ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಎಂಜಿನ್ ಬಿಸಿಯಿದ್ದಾಗ ಕಾರ್ಬೊರೇಟರ್ ಈ ಅಳತೆಯನ್ನು ಹೆಚ್ಚುಕಡಿಮೆ ಹೊಂದಿಸಿಕೊಳ್ಳುತ್ತದೆ. ತಣ್ಣಗಿದ್ದಾಗ ಮಾತ್ರ ಪೆಟ್ರೋಲಿನ ಹಗುರ ಭಾಗವಷ್ಟೇ ಆವಿಯಾಗಿ, ಉಳಿದದ್ದು ಮ್ಯಾನಿಫೋಲ್ಡಿನ ಗೋಡೆಗೆ ಅಂಟಿಕೊಳ್ಳುತ್ತದೆ. ಸಿಲಿಂಡರಿಗೆ ಹೋಗುವ ಮಿಶ್ರಣ ತೆಳುವಾಗಿ, ಕಿಡಿ ಬಿದ್ದರೂ ಹೊತ್ತಿಕೊಳ್ಳುವುದಿಲ್ಲ.

ಇದಕ್ಕೆ ಹಳಬರು ಕಂಡುಕೊಂಡ ಉಪಾಯವೇ ಚೋಕ್. ನಾಬ್ ಎಳೆದರೆ ಒಂದು ತಂತಿಯ ಮೂಲಕ ಕಾರ್ಬೊರೇಟರ್ ಬಾಯಲ್ಲಿರುವ ತಗಡು ತಿರುಗಿ ಗಾಳಿಗೆ ಅಡ್ಡವಾಗುತ್ತದೆ. ಸ್ಟ್ರಾ ಬಾಯಿಯನ್ನು ಬೆರಳಿನಿಂದ ಮುಚ್ಚಿ ಹೀರಿದ ಹಾಗೆ ಒಳಗೆ ಎಳೆತ ಹೆಚ್ಚಿ, ಪೆಟ್ರೋಲ್ ಧಾರಾಳವಾಗಿ ಬರುತ್ತದೆ. ಅದರಲ್ಲಿ ಆವಿಯಾಗುವುದು ಸ್ವಲ್ಪವೇ ಆದರೂ ಹೊತ್ತಿಕೊಳ್ಳಲು ಅಷ್ಟು ಸಾಕು. ಹೊತ್ತಿಕೊಂಡ ಮೇಲೆ ಚೋಕಿನ ಕೆಲಸ ಬಹುಪಾಲು ಮುಗಿಯಿತು. ಅರ್ಧಕ್ಕೆ ತಳ್ಳಿ ಗಾಡಿಯನ್ನು ನಿಧಾನವಾಗಿ ಓಡಿಸುತ್ತಾ, ಒಂದೆರಡು ನಿಮಿಷದಲ್ಲಿ ಪೂರ್ತಿ ಒಳಗೆ ತಳ್ಳಬೇಕು. ನಿಂತಲ್ಲೇ ಹತ್ತು ನಿಮಿಷ ಗುರ್ರೆನ್ನಿಸುವುದಕ್ಕಿಂತ ಮೆಲ್ಲಗೆ ಓಡಿಸಿದರೆ ಎಂಜಿನ್ ಬೇಗ ಬಿಸಿಯಾಗುತ್ತದೆ.

ಚೋಕ್ ಎಳೆದೇ ಬಿಟ್ಟರೆ ಆಯುಷ್ಯ ಹೆಚ್ಚುವುದು ಹಾಗಿರಲಿ, ಕಡಿಮೆಯಾಗುತ್ತದೆ. ಉರಿಯದ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆದು ಕೆಳಗಿಳಿದು, ಎಂಜಿನ್ ಆಯಿಲ್ ತೆಳುವಾಗುತ್ತದೆ. ಪ್ಲಗ್ ಕಪ್ಪಗಾಗುತ್ತದೆ, ಮೈಲೇಜ್ ಕುಸಿಯುತ್ತದೆ. ಇನ್ನೂ ಕೆಟ್ಟ ಸುದ್ದಿ ಸೈಲೆನ್ಸರಿನಿಂದ ಹೊರಬರುತ್ತದೆ.

ಶೆಡ್ಡಿನೊಳಗಿನ ಹೊಗೆ

ಗಾಳಿ ಸಾಲದೆ ಉರಿದ ಪೆಟ್ರೋಲ್ ಕಾರ್ಬನ್ ಮೊನಾಕ್ಸೈಡ್ ಕೊಡುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಬಿ.ಎಸ್. 2ಕ್ಕಿಂತ ಹಿಂದಿನ ಪೆಟ್ರೋಲ್ ಕಾರುಗಳಿಗೆ ಹೊಗೆ ತಪಾಸಣೆಯಲ್ಲಿ ಇರುವ ಮಿತಿ ಶೇ. 3. ಚೋಕ್ ಎಳೆದ ಗಾಡಿ ಇದನ್ನು ಸುಲಭವಾಗಿ ದಾಟುತ್ತದೆ. ಉಸಿರಾಡುವ ಗಾಳಿಯಲ್ಲಿ ಇದು ಶೇ. 1ರಷ್ಟಿದ್ದರೂ ಕೆಲವೇ ನಿಮಿಷದಲ್ಲಿ ಪ್ರಾಣ ಹೋಗಬಹುದು. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ಆಮೇಲೆ ಎದ್ದು ಹೊರಗೆ ಹೋಗಬೇಕೆಂಬ ಎಚ್ಚರವೇ ಇರುವುದಿಲ್ಲ. ಬಾಗಿಲು ಅರ್ಧ ತೆರೆದಿದ್ದೇವೆ ಎಂಬ ಸಮಾಧಾನ ಬೇಡ, ಪಕ್ಕದ ಕೋಣೆಯ ಕಿಟಕಿಯಿಂದ ಹೊಗೆ ಮಲಗಿದ್ದವರ ಬಳಿಗೂ ಹೋಗಬಹುದು. ನಮ್ಮ ಓದುಗರಿಗೆ ಫೋನಿನಲ್ಲಿ ಮೊದಲು ಹೇಳಿದ್ದು ಇದನ್ನೇ: ಗಾಡಿಯನ್ನು ಅಂಗಳಕ್ಕೆ ತಳ್ಳಿ, ಅಲ್ಲೇ ಸ್ಟಾರ್ಟ್ ಮಾಡಿ.

ಪೆಟ್ರೋಲ್ ಸುರಿಯುವ ಸಲಹೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸರಿಯಾಗಿ ಹೊತ್ತಿಕೊಳ್ಳದ ಎಂಜಿನ್ ಕೆಲವೊಮ್ಮೆ ಕಾರ್ಬೊರೇಟರ್ ಕಡೆಗೇ ಬೆಂಕಿ ಉಗುಳುತ್ತದೆ. ಏರ್ ಫಿಲ್ಟರ್ ಬಿಚ್ಚಿದೆ, ಬಾಯಿಗೆ ಪೆಟ್ರೋಲ್ ಸುರಿದಿದೆ, ಕೈಯಲ್ಲಿ ಬಾಟಲಿ ಇದೆ, ಮುಖ ಬಾನೆಟ್ಟಿನ ಮೇಲೆ ಬಾಗಿದೆ. ಮುಂದಿನದನ್ನು ನೀವೇ ಊಹಿಸಿ.

ಹಾಗಾದರೆ ದೋಷ ಹುಡುಕುವುದು ಹೇಗೆ?

ಮೊದಲು ಕಿವಿಗೊಡಿ. ಸೆಲ್ಫ್ ಹೊಡೆದಾಗ ಎಂಜಿನ್ ‘ಊಂ… ಊಂ…’ ಎಂದು ಕಷ್ಟಪಟ್ಟು ತಿರುಗುತ್ತಿದ್ದರೆ ಅದು ಚೋಕಿನ ಸಮಸ್ಯೆಯಲ್ಲ, ಬ್ಯಾಟರಿಯದ್ದು. ಚಳಿಯಲ್ಲಿ ಬ್ಯಾಟರಿ ಮಂಕಾಗುತ್ತದೆ, ಆಯಿಲ್ ಗಟ್ಟಿಯಾಗುತ್ತದೆ. ಗಾಡಿ ನಿಂತಿದ್ದಾಗ ಮೀಟರಿನಲ್ಲಿ 12.6 ವೋಲ್ಟ್ ಇದ್ದರೆ ಫುಲ್ ಚಾರ್ಜ್, 12.2ಕ್ಕೆ ಇಳಿದಿದ್ದರೆ ಅರ್ಧ. ಟರ್ಮಿನಲ್ ಮೇಲಿನ ಬಿಳಿ-ಹಸಿರು ಪುಡಿಯನ್ನೂ ನೋಡಿ. ತಳ್ಳಿದರೆ ಸ್ಟಾರ್ಟ್ ಆಗುತ್ತದೆ, ಸೆಲ್ಫ್‌ನಲ್ಲಿ ಆಗುವುದಿಲ್ಲ ಎಂದರೂ ಅನುಮಾನ ಇಲ್ಲೇ.

ಚುರುಕಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಕಿಡಿ ಇಲ್ಲ, ಇಲ್ಲವೇ ಪೆಟ್ರೋಲ್ ಸರಿಯಾಗಿ ಸಿಗುತ್ತಿಲ್ಲ. ಮಲೆಬೆನ್ನೂರಿನ ಕಡೆಯವರು ಕಿಡಿಯನ್ನು ಮೊದಲು ನೋಡುವುದು ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ. ಭದ್ರಾ ನಾಲೆಯ ನೀರು, ಸುತ್ತ ಗದ್ದೆ. ಚಳಿಗಾಲದ ಬೆಳಗಿನ ಇಬ್ಬನಿ ಡಿಸ್ಟ್ರಿಬ್ಯೂಟರ್ ಕ್ಯಾಪಿನ ಒಳಗೂ ಪ್ಲಗ್ ವೈರುಗಳ ಮೇಲೂ ಕೂರುತ್ತದೆ. ವೈರು ಹಳೆಯದಾಗಿ ಬಿರುಕು ಬಿಟ್ಟಿದ್ದರೆ ವಿದ್ಯುತ್ ಪ್ಲಗ್ ತಲುಪುವ ಮೊದಲೇ ಸೋರಿಹೋಗುತ್ತದೆ. ಬಿಸಿಲು ಬಿದ್ದ ಮೇಲೆ ತಾನೇ ಸ್ಟಾರ್ಟ್ ಆಗುವ ಗಾಡಿಗಳಲ್ಲಿ ಎಷ್ಟೋ ಸಲ ಗುಟ್ಟು ಇಷ್ಟೇ. ಇಗ್ನಿಷನ್ ಆಫ್ ಮಾಡಿ, ಕ್ಯಾಪ್ ಬಿಚ್ಚಿ ಒಣಬಟ್ಟೆಯಲ್ಲಿ ಒರೆಸಿ ನೋಡಿ. ಕತ್ತಲಲ್ಲಿ ಬೇರೆಯವರಿಂದ ಸೆಲ್ಫ್ ಹೊಡೆಸಿ, ದೂರದಿಂದ ನೋಡಿದರೆ ವೈರಿನ ಮೇಲೆ ನೀಲಿ ಕಿಡಿ ಹರಿದಾಡುವುದು ಕಂಡೀತು. ಕೈ ಮಾತ್ರ ಹಾಕಬೇಡಿ, ಹೊಡೆತ ಜೋರಿರುತ್ತದೆ.

ಪ್ಲಗ್ ಬಿಚ್ಚಿದರೆ ಅದರ ತುದಿಯೇ ಅರ್ಧ ಕಥೆ ಹೇಳುತ್ತದೆ. ತಿಳಿ ಕಂದು ಇದ್ದರೆ ಸರಿ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚಾಗುತ್ತಿದೆ, ಚೋಕ್ ಪೂರ್ತಿ ತೆರೆದುಕೊಳ್ಳುತ್ತಿಲ್ಲವೇನೋ. ಬೆಳ್ಳಗಿದ್ದರೆ ಕಡಿಮೆಯಾಗುತ್ತಿದೆ. ಒದ್ದೆಯಾಗಿ ಪೆಟ್ರೋಲ್ ವಾಸನೆ ಬಂದರೆ ಮೆಕ್ಯಾನಿಕ್‌ಗಳು ಹೇಳುವ ‘ಓವರ್‌ಫ್ಲೋ’. ಆಗ ಮತ್ತೆ ಚೋಕ್ ಎಳೆಯಬೇಡಿ. ನಾಬ್ ಪೂರ್ತಿ ಒಳಗೆ ತಳ್ಳಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು (ಪಂಪ್ ಮಾಡದೆ) ಐದಾರು ಸೆಕೆಂಡ್ ಸೆಲ್ಫ್ ಹೊಡೆಯಿರಿ. ಅರ್ಧ ನಿಮಿಷ ಬಿಟ್ಟು ಮತ್ತೊಮ್ಮೆ.

ಈಗ ಚೋಕ್. ಇದರ ಪರೀಕ್ಷೆಗೆ ಇಬ್ಬರು ಸಾಕು. ಎಂಜಿನ್ ಆಫ್ ಇದ್ದು ತಣ್ಣಗಿರುವಾಗ ಏರ್ ಫಿಲ್ಟರ್ ಮುಚ್ಚಳ ತೆಗೆದು, ಒಬ್ಬರು ನಾಬ್ ಎಳೆಯಲಿ, ಇನ್ನೊಬ್ಬರು ಕಾರ್ಬೊರೇಟರ್ ಬಾಯಿ ನೋಡಲಿ. ಎಳೆದಾಗ ತಗಡು ಪೂರ್ತಿ ಮುಚ್ಚಬೇಕು, ತಳ್ಳಿದಾಗ ಪೂರ್ತಿ ನೆಟ್ಟಗಾಗಬೇಕು. ಅರ್ಧಕ್ಕೇ ನಿಂತರೆ ತಂತಿ ಹಿಡಿಯುವ ಸ್ಕ್ರೂ ಜಾರಿದೆ, ತಂತಿಗೆ ತುಕ್ಕು ಹಿಡಿದಿದೆ ಅಥವಾ ತಗಡಿನ ಕೀಲಿಗೆ ಜಿಡ್ಡು ಕಟ್ಟಿದೆ. ನಮ್ಮ ಓದುಗರ ಗಾಡಿಯನ್ನು ಹರಿಹರದ ಮೆಕ್ಯಾನಿಕ್ ಒಬ್ಬರು ನೋಡಿದಾಗ ನಾಬ್ ಕೈಗೆ ಪೂರ್ತಿ ಬರುತ್ತಿತ್ತು, ತಗಡು ಮಾತ್ರ ಅಲುಗುತ್ತಲೇ ಇರಲಿಲ್ಲ. “ಇಷ್ಟ್ ದಿನ ನಾಬ್ ಎಳ್ದೀರಿ ನೋಡ್ರಿ, ಚೋಕ್ ಎಳ್ದಿಲ್ಲ” ಎಂದರಂತೆ ಅವರು. ಸ್ಕ್ರೂ ಬಿಗಿ ಮಾಡಿದ್ದಷ್ಟೇ ಕೆಲಸ. ಚೋಕ್ ಅಷ್ಟು ದಿನ ಕೆಲಸ ಮಾಡದೇ ಇದ್ದದ್ದೇ ಶೆಡ್ಡಿನಲ್ಲಿ ಅವರ ಕುಟುಂಬವನ್ನು ಸ್ವಲ್ಪಮಟ್ಟಿಗೆ ಕಾಪಾಡಿತ್ತೇನೋ ಎಂದು ನಮಗೆ ಆಮೇಲೆ ಅನ್ನಿಸಿತು.

ತಗಡು ಸರಿಯಿದ್ದರೆ, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಚೋಕನ್ನು ಸ್ವಲ್ಪವೇ ಎಳೆದು ನೋಡಿ. ಓಟ ಸುಧಾರಿಸಿದರೆ ಮಿಶ್ರಣ ತೆಳುವಾಗಿದೆ: ಎಲ್ಲೋ ಗಾಳಿ ಎಳೆಯುತ್ತಿದೆ ಅಥವಾ ಜೆಟ್ ಕಟ್ಟಿಕೊಂಡಿದೆ. ಉಸಿರು ಕಟ್ಟಿದಂತಾದರೆ ಮಿಶ್ರಣ ಸಾಕಷ್ಟಿದೆ ಎಂದರ್ಥ. ವಾರಗಟ್ಟಲೆ ನಿಂತ ಗಾಡಿ ತಡವಾಗಿ ಸ್ಟಾರ್ಟ್ ಆಗುವುದು ಬೇರೆಯೇ ವಿಷಯ. ಕಾರ್ಬೊರೇಟರಿನ ಬಟ್ಟಲಿನ ಪೆಟ್ರೋಲ್ ಆರಿಹೋಗಿರುತ್ತದೆ, ಪಂಪ್ ಅದನ್ನು ಮತ್ತೆ ತುಂಬಲು ಸಮಯ ಬೇಕು.

ಎಲ್ಲ ಇ20 ಮಾಡಿದ್ದೇ?

ಇನ್ನೊಂದು ಫಾರ್ವರ್ಡ್ ಹೇಳುವುದು ಹೀಗೆ. ಶೇ. 20 ಎಥನಾಲ್ ಬೆರೆತ ಇ20 ಪೆಟ್ರೋಲನ್ನು ಪ್ರಧಾನಿ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದ್ದು. ಈಗ ಬಂಕುಗಳಲ್ಲಿ ಸಿಗುವುದು ಬಹುತೇಕ ಅದೇ. ಇದರಲ್ಲಿ ಅರ್ಧ ಸತ್ಯವಿದೆ. ಎಥನಾಲ್ ಆವಿಯಾಗಲು ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖ ಬೇಕು, 1 ಕಿಲೋ ಉರಿಯಲು ಸುಮಾರು 9 ಕಿಲೋ ಗಾಳಿ ಸಾಕು. ಇಂಜೆಕ್ಷನ್ ಕಾರುಗಳಲ್ಲಿ ಸೆನ್ಸರ್ ಇದನ್ನು ಅರಿತು ಹೊಂದಿಸಿಕೊಳ್ಳುತ್ತದೆ. ಕಾರ್ಬೊರೇಟರಿಗೆ ಆ ಬುದ್ಧಿಯಿಲ್ಲ, ಹಳೇ ಅಳತೆಯಲ್ಲೇ ಬಿಡುತ್ತದೆ, ಮಿಶ್ರಣ ಸ್ವಲ್ಪ ತೆಳುವಾಗುತ್ತದೆ. ಹಾಗಾಗಿ ಚೋಕ್ ಮೊದಲಿಗಿಂತ ತುಸು ಹೆಚ್ಚು ಹೊತ್ತು ಬೇಕಾದರೆ ಆಶ್ಚರ್ಯವಿಲ್ಲ. ಕೆಲವು ಹಳೇ ಗಾಡಿಗಳಲ್ಲಿ ರಬ್ಬರ್ ಭಾಗ ಮತ್ತು ಗ್ಯಾಸ್ಕೆಟ್‌ಗಳನ್ನು ಬದಲಿಸಬೇಕಾಗಬಹುದು ಎಂದು ಕೇಂದ್ರ ಪೆಟ್ರೋಲಿಯಂ ಸಚಿವಾಲಯವೂ 2025ರಲ್ಲಿ ಹೇಳಿದೆ. ಎಥನಾಲ್ ತೇವ ಹೀರುವುದರಿಂದ ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಗೆ ಇದು ಇನ್ನಷ್ಟು ತೊಂದರೆ.

ಆದರೆ ಜಾರಿದ ಸ್ಕ್ರೂ, ಬಿರುಕು ಬಿಟ್ಟ ವೈರು, ಬಡವಾದ ಬ್ಯಾಟರಿ ಇವಕ್ಕೂ ಎಥನಾಲ್‌ಗೂ ಸಂಬಂಧವಿಲ್ಲ. ಅವನ್ನು ನೋಡಿ ಮುಗಿಸಿದ ಮೇಲೆ ಪೆಟ್ರೋಲ್ ಪೈಪ್ ಮುಟ್ಟಿ ನೋಡಿ. ಮೆತ್ತಗಾಗಿದ್ದರೆ, ಅಂಟಂಟಾಗಿದ್ದರೆ, ಬಿರುಕು ಕಂಡರೆ ಆವತ್ತೇ ಬದಲಿಸಿ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕುವವರೆಗೆ ಕಾಯಬೇಡಿ.