ಸಹಿಯ ಕೆಳಗಿನ ವಾಕ್ಯ

ಕಾಲೇಜಿನ ಚರ್ಚಾಕೂಟದಲ್ಲಿ ಒಮ್ಮೆ ಭಯೋತ್ಪಾದನೆಯ ಮಾತು ಬಂದಾಗ, ರಾಷ್ಟ್ರಗಳೆಲ್ಲ ಕೂಡಿ ಒಂದು ಒಪ್ಪಂದ ಮಾಡಿಕೊಂಡರೆ ಈ ಪಿಡುಗು ತೀರಿತೆಂದು ನಾನು ಬಲು ಧೈರ್ಯದಿಂದ ಹೇಳಿ ಕುಳಿತೆ. ನಮ್ಮ ರಾಜ್ಯಶಾಸ್ತ್ರದ ಅಧ್ಯಾಪಕರು ನಕ್ಕು, “ಒಪ್ಪಂದ ಆಗಿಯೇ ಇದೆಯಪ್ಪ, ಸಹಿಯ ಕೆಳಗೆ ಏನು ಬರೆದಿದ್ದಾರೆಂದು ಓದಿದ್ದೀಯಾ?” ಎಂದರು. ಓದಿರಲಿಲ್ಲ. ಆಮೇಲೆ ಓದಿದ್ದರ ಫಲವೇ ಈ ಲೇಖನ.

ಭಯೋತ್ಪಾದನೆಗೆ ಹಣ ಒದಗಿಸುವುದನ್ನು ತಡೆಯುವ ಒಪ್ಪಂದವನ್ನು ವಿಶ್ವಸಂಸ್ಥೆಯ ಸಾಮಾನ್ಯ ಸಭೆಯು 1999ರ ಡಿಸೆಂಬರ್ 9ರಂದು ಅಂಗೀಕರಿಸಿತು. ಅದು ಜಾರಿಗೆ ಬಂದದ್ದು 2002ರ ಏಪ್ರಿಲ್ 10ರಂದು. ಬಾಂಬಿಟ್ಟವನಷ್ಟೇ ಅಲ್ಲ, ಇಂಥದಕ್ಕೆಂದು ತಿಳಿದೂ ಹಣ ಕೊಟ್ಟವನು, ಕೂಡಿಸಿದವನು ಸಹ ಅಪರಾಧಿಯೆಂಬುದು ಅದರ ತಿರುಳು. ಆ ಹಣ ಕೃತ್ಯಕ್ಕೆ ಬಳಕೆಯಾಗಿರಲೇಬೇಕೆಂಬ ನಿಯಮವೂ ಇಲ್ಲ. ಜನರನ್ನು ಬೆದರಿಸಲು ಅಥವಾ ಸರ್ಕಾರವನ್ನು ಮಣಿಸಲು ನಾಗರಿಕರನ್ನು ಕೊಲ್ಲುವುದು, ತೀವ್ರವಾಗಿ ಗಾಯಗೊಳಿಸುವುದು ಇಂಥ ಕೃತ್ಯವೆಂದು ಎರಡನೆಯ ಕಲಮು ಹೇಳುತ್ತದೆ. ರಾಜಕೀಯ, ಧರ್ಮ, ಜನಾಂಗ ಯಾವುದರ ಹೆಸರಿನಲ್ಲಿಯೂ ಇದನ್ನು ಸಮರ್ಥಿಸಲಾಗದೆಂದು ಆರನೆಯ ಕಲಮು ಬಾಗಿಲು ಮುಚ್ಚುತ್ತದೆ.

ಮುಚ್ಚಿದ ಆ ಬಾಗಿಲಿಗೆ ಕಿಂಡಿ ಬಿದ್ದದ್ದು ಘೋಷಣೆಗಳಿಂದ. 2003ರಲ್ಲಿ ಸ್ಥಿರೀಕರಿಸುವಾಗ ಜೋರ್ಡಾನ್, ವಿದೇಶೀ ಆಕ್ರಮಣದ ವಿರುದ್ಧ ನಡೆಯುವ ರಾಷ್ಟ್ರೀಯ ಸಶಸ್ತ್ರ ಹೋರಾಟವನ್ನು ತಾನು ಭಯೋತ್ಪಾದನೆಯೆಂದು ಎಣಿಸುವುದಿಲ್ಲವೆಂದು ಬರೆಯಿತು. 2005ರಲ್ಲಿ ಈಜಿಪ್ಟ್, ಸಿರಿಯಾಗಳೂ ಇದೇ ಧಾಟಿ ಹಿಡಿದವು. ಜರ್ಮನಿ, ನೆದರ್ಲೆಂಡ್ಸ್, ಬ್ರಿಟನ್, ಅಮೆರಿಕ ಮೊದಲಾದವು ಆಕ್ಷೇಪವೆತ್ತಿದವು.

ಅವರ ವಾದವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಒಪ್ಪಂದದ ಮಾತನ್ನು ನಾನು ಹೀಗೆ ಅರ್ಥಮಾಡಿಕೊಂಡಿದ್ದೇನೆ ಎನ್ನುವುದು ಘೋಷಣೆ. ಇಂಥ ಭಾಗ ನನಗೆ ತಾಗದು ಎನ್ನುವುದು ಷರತ್ತು. ಹೆಸರು ಏನೇ ಇಟ್ಟರೂ ಪರಿಣಾಮ ನೋಡಿ ತೀರ್ಮಾನಿಸಬೇಕೆಂದು 1969ರ ವಿಯೆನ್ನಾ ಒಪ್ಪಂದ ಹೇಳುತ್ತದೆ. ಮೂಲ ಉದ್ದೇಶವನ್ನೇ ಕೆಡಿಸುವ ಷರತ್ತು ಸಲ್ಲದೆಂದೂ ಹೇಳುತ್ತದೆ. ನರಮೇಧದ ಒಪ್ಪಂದದ ಸಂಬಂಧ ಅಂತರರಾಷ್ಟ್ರೀಯ ನ್ಯಾಯಾಲಯ 1951ರಲ್ಲೇ ಈ ಅಳತೆಗೋಲನ್ನು ಕೊಟ್ಟಿತ್ತು. ಆದರೆ ಅಳೆಯುವವರು ಯಾರು? ಪತ್ರಗಳನ್ನು ಕಾಯ್ದಿರಿಸುವ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಅವನ್ನು ಎಲ್ಲರಿಗೂ ಕಳುಹಿಸುತ್ತಾರೆಯೇ ಹೊರತು ತೀರ್ಪು ಕೊಡುವುದಿಲ್ಲ. ಆಕ್ಷೇಪಿಸಿದ ದೇಶಗಳೂ ಪತ್ರದ ಕೊನೆಗೆ, ಆದರೂ ನಮ್ಮಿಬ್ಬರ ನಡುವೆ ಒಪ್ಪಂದ ಜಾರಿಯಲ್ಲಿರುತ್ತದೆ ಎಂದು ಬರೆಯುವುದೇ ರೂಢಿ. ಜಗಳವಾಡಿಯೂ ಬೀಗತನ ಬಿಡದವರಂತೆ!

ನ್ಯಾಯಾಲಯಕ್ಕೆ ಹೋಗಲು 24ನೆಯ ಕಲಮು ದಾರಿ ಕೊಟ್ಟಿದೆ. ಆ ದಾರಿಯನ್ನು ಒಲ್ಲೆನೆನ್ನಲು ಅದೇ ಕಲಮಿನಲ್ಲಿ ಅವಕಾಶವೂ ಇದೆ. ಅಮೆರಿಕ, ಚೀನಗಳು ಅದನ್ನು ಬಳಸಿಕೊಂಡಿವೆ. ಉಕ್ರೇನ್ ರಷ್ಯದ ಮೇಲೆ 2017ರಲ್ಲಿ ಹೂಡಿದ ದಾವೆಯಲ್ಲಿ ಮಾತ್ರ ಈ ಒಪ್ಪಂದ ನ್ಯಾಯಾಲಯದ ಕಟ್ಟೆ ಹತ್ತಿತು. 2024ರ ಜನವರಿ 31ರ ತೀರ್ಪು, ದೂರುಗಳನ್ನು ತನಿಖೆ ಮಾಡುವ ಕರ್ತವ್ಯದಲ್ಲಿ ರಷ್ಯ ತಪ್ಪಿದೆಯೆಂದಷ್ಟೇ ಹೇಳಿತು.

ನಮ್ಮ ದೇಶಕ್ಕೂ ಇದು ದೂರದ ಮಾತಲ್ಲ. 1997ರ ಬಾಂಬುದಾಳಿ ನಿಗ್ರಹ ಒಪ್ಪಂದವನ್ನು ಸೇರುವಾಗ ಪಾಕಿಸ್ತಾನ ಇಂಥದೇ ಘೋಷಣೆ ಮಾಡಿತು. ಅದು ವಾಸ್ತವವಾಗಿ ಷರತ್ತೇ, ಒಪ್ಪಂದದ ಉದ್ದೇಶಕ್ಕೆ ವಿರುದ್ಧ, ಎಂದು ಭಾರತ 2003ರಲ್ಲಿ ಆಕ್ಷೇಪಿಸಿತು.

ಬ್ರಿಟಿಷರು ಭಗತ್ ಸಿಂಗನನ್ನು ಭಯೋತ್ಪಾದಕನೆಂದೇ ಕರೆದ ನೆಲದವನಾದ ನನಗೆ, ಆಕ್ರಮಣಕ್ಕೆ ಒಳಗಾದವರ ಹೋರಾಟವೆಂದ ಕೂಡಲೆ ಮನಸ್ಸು ಆ ಕಡೆಗೆ ವಾಲುತ್ತದೆ, ನಿಜ. ಆದರೆ ಎರಡನೆಯ ಕಲಮನ್ನು ಮತ್ತೆ ಓದಿದೆ. ಅಲ್ಲಿರುವುದು ಸೈನಿಕನ ಮಾತಲ್ಲ; ಬಸ್ಸಿಗೆ ಕಾದು ನಿಂತವನ, ಸಂತೆಗೆ ಬಂದವಳ ಮಾತು. ಘೋಷಣೆ ಆ ಮನುಷ್ಯನನ್ನೇ ಕಲಮಿನಿಂದ ಹೊರಗೆ ತಳ್ಳುತ್ತದೆ. ಆದ್ದರಿಂದ ಆಕ್ಷೇಪಿಸಿದವರ ಪಕ್ಷವೇ ಸರಿಯೆಂದು ನನಗೆ ತೋರುತ್ತದೆ.

ಭಯೋತ್ಪಾದನೆಯೆಲ್ಲಕ್ಕೂ ಅನ್ವಯವಾಗುವ ಒಂದೇ ಒಪ್ಪಂದದ ಕರಡನ್ನು ಭಾರತ 1996ರಲ್ಲಿಯೇ ವಿಶ್ವಸಂಸ್ಥೆಯ ಮುಂದಿಟ್ಟಿತು. ಅದು ಇನ್ನೂ ಅಂಗೀಕಾರವಾಗಿಲ್ಲ. ಅಲ್ಲಿಯೂ ತೊಡಕು ಬಹುಮಟ್ಟಿಗೆ ಈ ಪ್ರಶ್ನೆಯದೇ.